ಅಳತೆ ಪುಸ್ತಕ

ಬಲ್ಬು ನನ್ನದು. ಅಂದರೆ ವಿದ್ಯುತ್ ಇಲಾಖೆಯದು,
ನಾಪೋಕ್ಲಿನ ಸ್ಟೋರಿನಿಂದ ರಿಜಿಸ್ಟರಿಗೆ ಏರದೆ
ನನ್ನ ಬುತ್ತಿ ಚೀಲಕ್ಕೆ ಇಳಿದ ಮರ್ಕ್ಯುರಿ ಬಲ್ಬು.
ಬೆಡ್‌ಶೀಟು ದೇಚಮ್ಮ ಸಿಸ್ಟರದು,
ಮೂಲೆಯಲ್ಲಿ ಆಸ್ಪತ್ರೆಯ ನೀಲಿ ಮೊಹರು.
ಬೆಳಕು ಸರ್ಕಾರದ್ದು, ಬಟ್ಟೆ ಸರ್ಕಾರದ್ದು;
ಬಂದು ಕೂರುವ ಹುಳಗಳು ಮಾತ್ರ
ಯಾರ ಲೆಕ್ಕಕ್ಕೂ ಸೇರದವು.

ಮೂರನೆಯವನು ಟೈಲರ್ ಮೊಯ್ದು.
ರೆಕ್ಕೆ ನೋಡಿ, ಇದು ಸಾಟಿನ್, ಅನ್ನುವನು,
ಇದು ಒಗೆದೂ ಒಗೆದೂ ಬಿಳಿಚಿದ ಟೆರಿಕಾಟು.
ಅವನ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ
ಭುಜ, ತೋಳು, ಉದ್ದ ಎಂಬ ಮನೆಗಳೊಳಗೆ
ಹದಿನೆಂಟು ವರ್ಷದ ಪತಂಗಗಳು:
'ಭುಜ ಎರಡೂಕಾಲು ಇಂಚು. ಕಾಲರ್ ಇಲ್ಲ.
ಬಂದದ್ದು ಹನ್ನೊಂದೂ ಹತ್ತಕ್ಕೆ,
ಹೂಮಳೆಯ ಮಾರನೇ ರಾತ್ರಿ.'

ಹೆಸರು ಗೊತ್ತಿರಲಿಲ್ಲ, ಇಟ್ಟೆವು.
ಹಳೇ ರಸೀದಿ. ಸೀದ ಒಟ್ಟಿ.
ಪೂವಯ್ಯನ ಮೀಸೆ. ಪೂವಯ್ಯ ನಮ್ಮ ಸೆಕ್ಷನ್ ಆಫೀಸರು,
ಅವರಿಗೆ ಕೊನೆಗೂ ತಿಳಿಯಲಿಲ್ಲ.
ಬೂದಿ ಬಣ್ಣದ್ದೊಂದು, ಎರಡೇ ಸಲ ಕಂಡದ್ದು,
ಅದಕ್ಕೇನು ಹೆಸರೆಂದು ಮೂವರೂ ಜಗಳವಾಡಿ
ಒಂದು ತಿಂಗಳು ಮಾತು ಬಿಟ್ಟೆವು.
ಅದು ಹೆಸರಿಲ್ಲದೆಯೇ ಉಳಿಯಿತು.

ಊರು ನಮ್ಮನ್ನು ಹುಳದ ಪಾರ್ಟಿ ಅಂದಿತು.
ಮದುವೆ ಮನೆಯಲ್ಲಿ ಬಡಿಸುವವನೂ ಸೌಟು ಎತ್ತಿ
'ಇವರಿಗೆ ಹುಳ ಇಲ್ಲವಾ' ಎಂದು ಪಂಕ್ತಿಯನ್ನೇ ನಗಿಸಿದ.
ಒಂದು ರಾತ್ರಿ ಫಾರೆಸ್ಟ್ ಗಾರ್ಡು ಬಂದ, ಕೋವಿ ಹಿಡಿದು.
ಯಾವ ಬೇಟೆ?
ತೋರಿಸಿದೆವು.
ಕೂತು ಒಂದು ಬೀಡಿ ಸೇದಿ
ನಮ್ಮ ಮೇಲೆ ಕನಿಕರಪಟ್ಟು ಹೋದ.

ಈಗ ಕಕ್ಕಬ್ಬೆ ದಾರಿಯ ರೆಸಾರ್ಟಿನಲ್ಲಿ
ಪ್ರತಿ ಶನಿವಾರ ಪತಂಗ ರಾತ್ರಿ,
ತಲೆಗೆ ಸಾವಿರದ ಇನ್ನೂರು, ಸೂಪು ಸೇರಿ.
ದೇಚಮ್ಮ ಎಲ್ಲಿಂದಲೋ ಎರಡು ಪಾಸು ತಂದಳು.
ಮೂರು ಪರದೆ, ನಾಲ್ಕು ಥರದ ಬೆಳಕು,
ಎದೆಯ ಮೇಲೆ ರೆಕ್ಕೆ ಬಿಚ್ಚಿದ ಟೀ ಶರ್ಟುಗಳು.
ಎಲ್ಲರಿಗೂ ಬೇಕಾದ್ದು ಆ ದೊಡ್ಡದು,
ಅಂಗೈ ಮೀರುವ ಕೆಂಚು ರೆಕ್ಕೆಯದು.
ಅದು ಬಂದಾಗ ಚಪ್ಪಾಳೆ.
ಚಪ್ಪಾಳೆ!
ನಾವು ಕೆಮ್ಮು ಬಂದರೆ
ಕಾಫಿ ಗಿಡದ ಸಾಲಿನಾಚೆ ಓಡಿ ಕೆಮ್ಮಿ ಬರುತ್ತಿದ್ದೆವು.

ಸಂತೋಷವಾಗಬೇಕಿತ್ತು ನನಗೆ.
ದೇಚಮ್ಮನಿಗೆ ಆಯಿತು, ಮೂರು ಬಟ್ಟಲು ಸೂಪು ಕುಡಿದಳು,
'ನೋಡು, ನಾವು ಹುಚ್ಚರಲ್ಲ' ಎಂದಳು.
ಹುಚ್ಚರಾಗಿದ್ದಾಗ ಚೆನ್ನಾಗಿತ್ತಲ್ಲ, ಅನ್ನಲಿಲ್ಲ ನಾನು.
ಪಕ್ಕದ ಕುರ್ಚಿಯ ಹೆಂಗಸು ಕೇಳಿದಳು,
ಅಂಕಲ್, ಮೊದಲನೇ ಸಲವಾ?
ಹೌದು ಎಂದೆ.
ಯಾಕೆ ಹಾಗೆಂದೆನೋ.
ಅವಳೂ ಕನಿಕರಪಟ್ಟು
ಮುಂದೆ ಜಾಗ ಬಿಟ್ಟುಕೊಟ್ಟಳು.

ಒಂದೇ ಒಂದು ದೂರನ್ನು ಜೇಬಿನಲ್ಲಿ ಉಳಿಸಿಕೊಂಡಿದ್ದೆ:
ನಸುಕಿಗೆ ಮೊದಲು ಪರದೆ ಕೊಡವಬೇಕು,
ಇಲ್ಲವಾದರೆ ಪಿಕಳಾರ, ಕಾಜಾಣ
ಕೂತಲ್ಲೇ ಹೆಕ್ಕಿ ಮುಗಿಸುತ್ತವೆ.
ಇವರಿಗೇನು ಗೊತ್ತು.
ಐದು ಗಂಟೆಗೆ ಸ್ಕೂಟರ್ ಹತ್ತಿ ಮತ್ತೆ ಹೋದೆ,
ಕನ್ನಡಕ ಮರೆತೆ ಎಂದು ಗೇಟಿನವನಿಗೆ ಸುಳ್ಳು ಹೇಳಿ;
ಕನ್ನಡಕ ಮೂಗಿನ ಮೇಲೇ ಇತ್ತು.

ಅಲ್ಲಿ ಆ ಗೈಡು ಹುಡುಗ, ಮಾಚ,
ಚಿತ್ರ ಬರೆಯುವ ಮೆತ್ತನೆ ಕುಂಚ ಹಿಡಿದು
ಒಂದೊಂದನ್ನೇ ಪರದೆಯಿಂದ ಎಬ್ಬಿಸಿ
ಮೆಣಸಿನ ಬಳ್ಳಿಯ ಕತ್ತಲಿಗೆ ಇಳಿಸುತ್ತಿದ್ದ.
ನಾವು ಬರೀ ಕೊಡವುತ್ತಿದ್ದೆವು.

ಜೇಬು ಖಾಲಿ.

ಕುಂಚದ ತುದಿಯಲ್ಲಿ ಬೂದಿ ಬಣ್ಣದ್ದೊಂದು.
ಮೂರನೇ ಸಲ.
'ಇದರ ಹೆಸರು ಗೊತ್ತಾಗಲಿಲ್ಲ ಅಂಕಲ್' ಅಂದ.
ಮೊಯ್ದು ಕಡೆ ತಿರುಗಿದೆ, ರೂಢಿ.
ಅವನು ಹೋಗಿ ನಾಲ್ಕು ವರ್ಷ.

ಭುಜ ಎಷ್ಟು, ಎಂದೆ.
ಮಾಚನಿಗೆ ಅರ್ಥವಾಗಲಿಲ್ಲ.